ಇಲೆಮಾರಳ ಕೊನೆಯ ಬಟ್ಟೆ

"ಏಳೇ ರುಫೀನಾ, ಏಳು. ಹೊತ್ತು ಇಳೀತಾ ಇದೆ" ಎಂದು ಚಿಕ್ಕವ್ವ ಲೆತೀಯ ಮತ್ತೊಮ್ಮೆ ತೋಳು ಹಿಡಿದು ಎಳೆದಳು. ರುಫೀನಾ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಇನ್ನಷ್ಟು ಭಾರ ಬಿಟ್ಟು ಕೂತಳು.

ಅವಳ ಅವ್ವ ಇಲೆಮಾರ್ ಎದುರಿಗೇ ಚಾಪೆಯ ಮೇಲೆ ಮಲಗಿದ್ದಳು. ಹೆಂಗಸರು ಕೊಬ್ಬರಿ ಎಣ್ಣೆ, ಅರಿಸಿನ ಹಚ್ಚಿ ಮುಗಿಸಿದ್ದರು. ಇನ್ನು ಬಟ್ಟೆ ಹೊದಿಸುವುದೊಂದು ಬಾಕಿ. ಆ ಬಟ್ಟೆ ಪೆಟ್ಟಿಗೆಯೊಳಗಿತ್ತು.

"ಅವ್ವನಿಗೆ ಅಂಗಡಿ ಬಟ್ಟೆ ಹೊದಿಸಿ ಚಿಕ್ಕವ್ವ. ಎಷ್ಟೊಂದು ತಂದಿದೀರಲ್ಲ."

"ಅಂಗಡಿ ಬಟ್ಟೆಯಂತೆ! ಬದುಕಿದ್ದಾಗ ಅದರಲ್ಲಿ ಮೂಗು ಒರಸಿಕೊಳ್ಳೋಕೂ ಒಪ್ಪದವಳು ನಮ್ಮಕ್ಕ."

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು, ಮತ್ತೆ ಅಳು ಮುಂದುವರಿಸಿದರು.

"ಇದೊಂದೇ ಉಳಿದಿರೋದು. ಇದನ್ನೂ ಹೂತರೆ ಆ ಕಪ್ಪು ಗೆರೆಯ ಅಂಚು ಯಾರು ನೇಯ್ತಾರೆ? ನಿನಗೆ ಬರುತ್ತಾ ಚಿಕ್ಕವ್ವ?"

"ನನಗೆ ಬರೋದು ಅಂಗಡಿ ನೂಲಿನ ಪಟ್ಟೆ. ಬಾಳೆನಾರು ನನ್ನ ಕೈಗೆ ಹತ್ತಲಿಲ್ಲ. ಊರಿಗೇ ಗೊತ್ತಿರೋದನ್ನ ಇವತ್ತೇ ಕೇಳಬೇಕಾ?"

"ಅದಕ್ಕೇ ಹೇಳ್ತಿರೋದು. ನಾನು ಇದನ್ನ ನೋಡಿ ಕಲೀತೀನಿ. ಮಕ್ಕಳಿಗೂ ಕಲಿಸ್ತೀನಿ."

"ಕಲೀತಾಳಂತೆ! ಅಲ್ಲಿಗೆ ಹೋದಮೇಲೆ ನಿನ್ನವ್ವನ್ನ ಹಿಂದೆ ಹೋದ ಅಜ್ಜಿಯರು ಕೇಳಲ್ವಾ, ಯಾರ ಮಗಳಮ್ಮ ನೀನು, ಮೈಮೇಲೆ ಮನೆ ಬಟ್ಟೆ ಇಲ್ಲದೆ ಬಂದಿದೀಯ ಅಂತ? ಆಗ ಏನು ಹೇಳ್ತಾಳೆ? ನನ್ನ ಮಗಳು ಟೀಚರು ಅಂತಾಳಾ?"

ಕೈಯಲ್ಲಿ ನೇಯ್ದ ಬಟ್ಟೆಯಿಲ್ಲದೆ ಅವರ ದ್ವೀಪದಲ್ಲಿ ಯಾರನ್ನೂ ಮಣ್ಣು ಮಾಡುವುದಿಲ್ಲ. ಇಲೆಮಾರ್ ಊರಿಗೆಲ್ಲ ನೇಯ್ದು ಕೊಟ್ಟವಳು. ಬೇರೆಯವರ ದುಡಿಮೆ ಮನೆಯಾಗಿ, ದೋಣಿಯಾಗಿ ಕಣ್ಣಿಗೆ ಕಾಣುತ್ತದೆ. ಇವಳದು ಪೂರ್ತಿ ಸ್ಮಶಾನದಲ್ಲಿ, ನೆಲದಡಿ ಇತ್ತು. ಇಷ್ಟು ಚೆನ್ನಾಗಿ ನೇಯ್ದು ಹೂಳುವುದಕ್ಕಾ ಎಂದು ಅವಳು ಒಂದು ದಿನವೂ ಕೇಳಿದವಳಲ್ಲ.

*

ಪಕ್ಕದ ಮನೆಯ ಕೊಂಚೀತಾಳ ಮಗು ಮುಳುಗಿ ಸತ್ತ ದಿನ ಇಲೆಮಾರ್ ಇದೇ ಪೆಟ್ಟಿಗೆ ತೆಗೆದಿದ್ದಳು.

"ಅವ್ವಾ, ಅದು ನಿನಗೇ ಅಂತ ಇಟ್ಕೊಂಡಿದ್ದಲ್ವಾ?" ಎಂದಳು ರುಫೀನಾ.

"ನಾನು ಇನ್ನೂ ಉಸಿರಾಡ್ತಾ ಇದೀನಲ್ಲೇ. ಮಗು ಕಾಯೋಕಾಗುತ್ತಾ? ಇನ್ನೊಂದು ನೇಯ್ತೀನಿ. ಈ ಸಲ ನೀನೂ ಪಕ್ಕದಲ್ಲಿ ಕೂತ್ಕೋ."

"ರಜ ಬರಲಿ ಅವ್ವ."

ರುಫೀನಾ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. 'ನಮ್ಮ ಸಂಪ್ರದಾಯಗಳು' ಎಂಬ ಪಾಠ ಬಂದಾಗ ಮಕ್ಕಳ ಕೈಯಲ್ಲಿ ಮಗ್ಗದ ಚಿತ್ರ ಬರೆಸಿ, ಚೆನ್ನಾಗಿದ್ದುದನ್ನು ಗೋಡೆಗೆ ಅಂಟಿಸುತ್ತಿದ್ದಳು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವ್ವ ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದುಕೊಂಡು ನೇಯುತ್ತಾ ಕೂತಿರುತ್ತಿದ್ದಳು. ಹೊಸ ಬಟ್ಟೆ ಮುಗಿದು ಪೆಟ್ಟಿಗೆ ಸೇರಿತು. ಆಮೇಲೆ ರಜ ಬಂತು. ಆ ನಡುವೆ ಇಲೆಮಾರಳಿಗೆ ಲಕ್ವ ಹೊಡೆದು ಬಲಗೈಯೂ ನಾಲಿಗೆಯೂ ಬಿದ್ದುಹೋದವು.

ಆದರೂ ರುಫೀನಾ ಮಗ್ಗ ಕಟ್ಟಿ ಅವಳೆದುರು ಕೂತಳು. ಒಂದು ಎಳೆ ಎತ್ತುವಳು, ಅವ್ವನ ಮುಖ ನೋಡುವಳು. ತಪ್ಪಾದರೆ ಅವ್ವ ಎಡಗೈಯಲ್ಲಿ ಎಳೆ ಒತ್ತುವ ಮರದ ಪಟ್ಟಿ ಎತ್ತಿ ಮಗಳ ಬೆರಳಿನ ಮೇಲೆ ಬಡಿಯುವಳು. ಸರಿಯಾದ ಎಳೆ ಯಾವುದೆಂದು ಮಾತ್ರ ಹೇಳಲಾರಳು. ಗಂಟಲಲ್ಲಿ ಏನೋ ಗೊರಗೊರ ಎನ್ನುವುದು. ಒಂದು ದಿನ ಪಟ್ಟಿಯನ್ನು ಅಂಗಳಕ್ಕೆ ಎಸೆದು ಗೋಡೆಯ ಕಡೆ ತಿರುಗಿ ಮಲಗಿದವಳು ಮತ್ತೆ ಮಗ್ಗದತ್ತ ನೋಡಲಿಲ್ಲ. ಸುಡುವ ಮಧ್ಯಾಹ್ನದಲ್ಲೂ ಚಳಿಯಿಂದ ನಡುಗುತ್ತಾ ಹೊದಿಕೆ ಬೇಕೆಂದು ಕೈ ಮಾಡುತ್ತಿದ್ದಳು.

*

"ತಡಿ ನಿನಗೆ. ನಿನ್ನಣ್ಣನ್ನೇ ಕರೆಸ್ತೀನಿ" ಎಂದು ಲೆತೀಯ ಹೊರಗೆ ಆಳು ಅಟ್ಟಿದಳು. "ಆಗ ನೋಡೋಣ, ಪೆಟ್ಟಿಗೆ ಮೇಲೆ ಎಷ್ಟೊತ್ತು ಕೂರ್ತೀಯ ಅಂತ."

ಹೆಂಗಸರೆಲ್ಲ ತಲೆಯಾಡಿಸಿದರು. ಅಣ್ಣ ಮನೆಯೊಳಗೆ ಬಂದರೆ, ಅಲ್ಲಿನ ಕಟ್ಟಳೆಯಂತೆ, ತಂಗಿ ಅವನಿಗಿಂತ ಎತ್ತರದಲ್ಲಿ ಕೂರುವಂತಿಲ್ಲ. ಟೀಚರಾಗಲಿ, ಯಾರೇ ಆಗಲಿ, ನೆಲಕ್ಕೆ ಇಳಿಯಲೇಬೇಕು. ಅವಳು ಇಳಿದ ಕೂಡಲೇ ಲೆತೀಯ ಮುಚ್ಚಳ ಎತ್ತುತ್ತಾಳೆ.

ಗುಂಡಿ ತೋಡುತ್ತಿದ್ದ ಅಣ್ಣ ಫೌಸ್ತೀನೊ ಮೊಣಕಾಲಿನವರೆಗೆ ಒದ್ದೆ ಮರಳು ಮೆತ್ತಿಕೊಂಡು ಬಂದ. ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ರುಫೀನಾ ಇಳಿಯಲು ಕೈಯೂರಿದಳು. ಅಷ್ಟರಲ್ಲಿ ಆ ಭಾರಿ ಮೈಯವನು ಹೊಸ್ತಿಲಾಚೆ, ಅಂಗಳದ ಮರಳಲ್ಲಿ ತಟ್ಟನೆ ಕುಳಿತುಬಿಟ್ಟ.

"ಅಯ್ಯೋ, ಒಳಗೆ ಬಾರೋ!" ಲೆತೀಯ ಹಣೆ ಚಚ್ಚಿಕೊಂಡಳು.

"ಇಲ್ಲೇ ಆಯ್ತು ಚಿಕ್ಕವ್ವ. ಮೈಯೆಲ್ಲ ಕೆಸರು."

ಕೆಸರಿಗೆ ಹೆದರಿ ಅವನು ಅಲ್ಲಿ ಕೂತಿಲ್ಲ, ತಾನು ಹೊಸ್ತಿಲು ದಾಟದಿದ್ದರೆ ತಂಗಿ ಇಳಿಯಬೇಕಿಲ್ಲವೆಂದು ಕೂತಿದ್ದಾನೆ ಎಂದು ಎಲ್ಲರಿಗೂ ತಿಳಿಯಿತು. ರುಫೀನಾಳ ಕಣ್ಣು ತುಂಬಿ ಬಂತು.

"ಗುಂಡಿಗೆ ನೀರು ಬಂತು ರುಫೀನಾ."

"ಯಾವ ನೀರು?"

"ಇನ್ಯಾವುದು, ಸಮುದ್ರದ್ದು. ಅಪ್ಪನ ಪಕ್ಕ ತೋಡಿದ್ವಿ, ಸೊಂಟದ ಆಳಕ್ಕೂ ಹೋಗಿರಲಿಲ್ಲ, ಜಿನುಗೋಕೆ ಶುರುವಾಯ್ತು. ಚರ್ಚಿನ ಹಿಂದೆ ತೋಡಿದ್ವಿ. ಅಲ್ಲೂ ಅಷ್ಟೆ. ಬಕೀಟಿನಲ್ಲಿ ಮೊಗೀತಾನೇ ಇದಾರೆ, ನಿಲ್ತಾ ಇಲ್ಲ."

"ಹಂಗಾದ್ರೆ ಅವ್ವನ್ನ?"

"ನೀರಲ್ಲೇ ಇಡಬೇಕು. ಇನ್ನೆಲ್ಲಿಗೆ ತಗೊಂಡು ಹೋಗೋಣ?" ಅವನು ತಲೆ ತಗ್ಗಿಸಿ ಕಾಲಿನ ಮರಳು ಕೆರೆದ. "ನಿನ್ನ ಎಬ್ಬಿಸೋಕೆ ಬಂದಿಲ್ಲ ನಾನು. ಅದನ್ನ ಇಟ್ಕೋ ಬೇಕಾದ್ರೆ. ಗುಂಡಿ ಸುದ್ದಿ ಹೇಳೋಣ ಅಂತ ಬಂದೆ."

ರುಫೀನಾ ಅವ್ವನತ್ತ ನೋಡಿ "ಅವಳಿಗೆ ಚಳಿ ತಡೆಯೋಕಾಗಲ್ಲ ಅಣ್ಣ" ಎಂದಳು. ತಾನಾಗಿಯೇ ಎದ್ದು, ಬಗ್ಗಿ, ಮುಚ್ಚಳ ತೆಗೆದಳು.

ಲೆತೀಯ ಬಟ್ಟೆಗೆ ಕೈ ಹಾಕಲಿಲ್ಲ. "ನೋಡ್ಕೋ. ನಿಧಾನಕ್ಕೆ ನೋಡ್ಕೋ. ನಾವು ಕಾಯ್ತೀವಿ" ಎಂದು ಮುಖ ಆಚೆ ತಿರುಗಿಸಿದಳು.

ರುಫೀನಾ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು ಒಂದು ಕಪ್ಪು ಎಳೆಯ ಮೇಲೆ ಬೆರಳಿಟ್ಟಳು. ಎಳೆ ಕೆಳಗಿಳಿಯಿತು, ಮೇಲೆ ಬಂತು, ಪಕ್ಕದ ಎಳೆಯೊಡನೆ ಹೊಸೆದುಕೊಂಡು ಎಲ್ಲೋ ಒಳಗೆ ಹೋಯಿತು. ಮತ್ತೆ ಮೊದಲಿನಿಂದ ಹಿಡಿದಳು. ಅಲ್ಲಿಗೇ ಬಂದು ಕೈತಪ್ಪಿತು. ಜೀವಮಾನವಿಡೀ ಇಟ್ಟುಕೊಂಡು ನೋಡಿದ್ದರೂ ಇದು ತನಗೆ ಬಾಯಿ ಬಿಡುತ್ತಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅವ್ವನಿಗೆ ಕುತ್ತಿಗೆಯವರೆಗೆ ಹೊದಿಸಿ, ಎರಡೂ ಕಡೆ ಒಳಗೆ ಒತ್ತಿದಳು.

*

ಪಾದ್ರಿಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ, ಮೊಗೆದು ಹಾಕಿದ್ದ ನೀರು ಮತ್ತೆ ಬಂದು ನಿಂತಿತ್ತು. ಇಲೆಮಾರಳನ್ನು ಚಾಪೆ ಸಮೇತ ಇಳಿಸಿದರು. ಬಾಳೆನಾರು ನೀರು ಕುಡಿಯಿತು. ಅಂಚಿನ ಗೆರೆಗಳು ಒಂದು ಗಳಿಗೆ ಎಂದಿಗಿಂತ ಕಪ್ಪಾಗಿ, ಸ್ಪಷ್ಟವಾಗಿ ಕಂಡವು. ರುಫೀನಾ ಮುಂದೆ ಬಗ್ಗಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಾವು ತಂದಿದ್ದ ಬಟ್ಟೆ ಹೊದಿಸಿದರು. ಎಲ್ಲವೂ ಅಂಗಡಿಯವು, ಕೆಂಪು ದಾಸವಾಳ, ಹಳದಿ ಗಿಳಿಗಳ ಅಚ್ಚಿನವು. ಅವು ಗಾಳಿ ತುಂಬಿಕೊಂಡು ಮೇಲೆದ್ದವು. ಫೌಸ್ತೀನೊ ಸಲಿಕೆಯ ಬೆನ್ನಿನಿಂದ ಮೆಲ್ಲಗೆ ಅದುಮಿದ. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬಿತು. "ಮರಳು ಹಾಕ್ರೋ" ಎಂದು ಕೂಗಿ, ಅವನು ಅಳುತ್ತಲೇ ಮತ್ತೆ ಅದುಮಿದ. ಗಿಳಿಗಳು ಮತ್ತೆ ಮೇಲೆ ಬಂದವು.