ಎರಡು ರಾಶಿಗೆ ಒಂದೇ ತಾಡಪತ್ರಿ

ನಾನು ಒಂದು ತಾಡಪತ್ರಿ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಅಚ್ಚ ನೀಲಿ ಬಣ್ಣ. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ; ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಆ ದಿನಗಳದ್ದೇನೂ ನೆನಪಿಲ್ಲ. ನನ್ನ ಮೂಲೆಯಲ್ಲಿ 'ಸರ್ಕಾರದ ಸಹಾಯಧನ, ಮಾರಾಟಕ್ಕಿಲ್ಲ' ಎಂದು ದಪ್ಪಕ್ಷರದಲ್ಲಿ ಅಚ್ಚೊತ್ತಿದಾಗ ನನಗೆ ಜಂಬ ಬಂದದ್ದು ನಿಜ. ಸುಳ್ಳೇಕೆ ಹೇಳಲಿ?

ಹಾವೇರಿ ಕಡೆಯ ಒಂದು ರೈತ ಸಂಪರ್ಕ ಕೇಂದ್ರಕ್ಕೆ ಬಂದು ಬಿದ್ದೆ. ಅಲ್ಲಿಯ ಪಾಳಿಯಲ್ಲಿ ಅಣ್ಣ ಕರಬಸಪ್ಪ, ತಮ್ಮ ಉಜ್ಜಪ್ಪ ಇಬ್ಬರೂ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮನೆ ಪಾಲಾಗಿ ನಾಲ್ಕು ವರ್ಷ, ಮಾತು ನಿಂತೂ ಅಷ್ಟೇ ವರ್ಷ. ಸೌಟು ಸಮೇತ ಹಂಚಿಕೊಂಡಿದ್ದರಂತೆ. ಹೊಲದ ದಾಖಲೆ, ಅವರ ಬಾಯಲ್ಲಿ ಉತಾರ, ಅದೊಂದು ಮಾತ್ರ ಜಂಟಿಯಾಗಿಯೇ ಉಳಿದಿತ್ತು. ಅದನ್ನು ಒಡೆಸಬೇಕಾದರೆ ಇಬ್ಬರೂ ಕೂಡಿ ಕಚೇರಿಗೆ ಹೋಗಬೇಕು. ಕೂಡಿ ಹೋಗುವವರು ಯಾರು? ಒಂದು ಉತಾರಕ್ಕೆ ಒಂದೇ ತಾಡಪತ್ರಿ ಎಂದ ಕೇಂದ್ರದವರು, ನನ್ನ ಒಂದೊಂದು ತುದಿಯನ್ನು ಒಬ್ಬೊಬ್ಬರ ಕೈಗಿಟ್ಟು ಫೋಟೊ ತೆಗೆದರು. ಇಬ್ಬರ ಮುಖವೂ ಹರಳೆಣ್ಣೆ ಕುಡಿದಂತಿತ್ತು.

ಅಣ್ಣನ ಹೆಂಡತಿ ಕೊಟ್ರವ್ವ, ತಮ್ಮನ ಹೆಂಡತಿ ಗಿರಿಜವ್ವ ಸೇರಿ ವಾರಕ್ಕೊಬ್ಬರೆಂದು ಗೊತ್ತುಮಾಡಿದರು. ಪ್ರತಿ ಸೋಮವಾರ ಸಂಜೆ ನನ್ನ ಕೈಬದಲು. ಒಂದು ಮನೆಯಲ್ಲಿ ನನ್ನನ್ನು ನೀಟಾಗಿ ಮಡಚುತ್ತಿದ್ದರು, ಇನ್ನೊಂದರಲ್ಲಿ ಮುದ್ದೆಮಾಡಿ ಎಸೆಯುತ್ತಿದ್ದರು. ಯಾವ ಮನೆ ಎಂದು ಹೇಳಲಾರೆ. ಇಬ್ಬರ ಋಣವೂ ಇದೆ.

ಸುಗ್ಗಿ ಬಂತು. ಒಂದೇ ಕಣದಲ್ಲಿ ನಡುವೆ ಕಲ್ಲು ಸಾಲಿಟ್ಟು, ಆಚೆಗೊಂದು ಈಚೆಗೊಂದು ಗೋವಿನಜೋಳದ ರಾಶಿ ಒಣಹಾಕಿದ್ದರು. ನೆನೆದರೆ ಕಾಳು ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆ ನೀರುಪಾಲು. ಮಳೆ ಬಂದದ್ದು ಸರಿಯಾಗಿ ಸೋಮವಾರ ಸಂಜೆಯೇ. ತನ್ನ ವಾರ ಇನ್ನೂ ಮುಗಿದಿಲ್ಲ ಎಂದು ಕೊಟ್ರವ್ವ ಒಂದು ತುದಿ ಹಿಡಿದಳು, ಮುಗಿಯಿತು ಎಂದು ಗಿರಿಜವ್ವ ಇನ್ನೊಂದು ತುದಿ ಜಗ್ಗಿದಳು. ಗಂಡಂದಿರು ಕಂಬದಂತೆ ನಿಂತಿದ್ದರು. ನನ್ನ ಹೊಲಿಗೆ ಚರ್‍ ಎಂದಿತು. ನನಗೆ ಜೀವವೇ ಹೋದಂತಾಯಿತು.

ಗಿರಿಜವ್ವ ಕೈಬಿಟ್ಟಳು. "ಯಕ್ಕಾ, ಎರಡೂ ಕೂಡ್ಸಿ ಬಿಡೂಣು. ಹಿಂಗ ಜಗ್ಗಿದ್ರ ಇದೂ ಹರೀತೈತಿ, ಕಾಳೂ ನೆನೀತಾವ" ಎಂದವಳೇ ತನ್ನ ರಾಶಿಯನ್ನು ಕಲ್ಲಿನಾಚೆಗೆ ನೂಕತೊಡಗಿದಳು. ಕೊಟ್ರವ್ವ ಒಂದು ಗಳಿಗೆ ನೋಡಿ, ಸೆರಗು ಸಿಕ್ಕಿಸಿಕೊಂಡು ಜೊತೆಗೂಡಿದಳು. ಆಮೇಲೆ ಗಂಡಸರೂ ಕಾಳು ನೂಕುವ ಹಲಗೆ ಹಿಡಿದರು. ಅಷ್ಟು ಕಾಳಿನ ಮೇಲೆ ನಾನು ಬಿಗಿಯಾಗಿ ಹರಡಿಕೊಂಡು ಬೆಳತನಕ ಮಳೆ ತಡೆದೆ. ಹೊಲಿಗೆ ಬಿಟ್ಟ ಕಡೆ ನೋಯುತ್ತಿತ್ತು, ಆದರೂ ಸಂತೋಷವಾಗಿತ್ತು.

ಬೆಳಿಗ್ಗೆ ನನ್ನನ್ನು ಎತ್ತಿದರೆ ಕಾಳು ಬೆಚ್ಚಗೆ, ಒಣಗಿಯೇ ಇತ್ತು. ಯಾರದು ಎಷ್ಟೆಂದು ಮಾತ್ರ ಯಾರಿಗೂ ತಿಳಿಯದು. ಉಜ್ಜಪ್ಪ ನೆಲ ನೋಡುತ್ತ, "ನಿಂದ ಹೆಚ್ಚಿತ್ತಣ್ಣಾ. ಮೊದ್ಲ ನೀನ ಅಳ್ಕೋ" ಎಂದ.

ಕರಬಸಪ್ಪ ಒಂದು ಹಿಡಿ ಕಾಳು ತೆಗೆದುಕೊಂಡು ಮತ್ತೆ ರಾಶಿಗೇ ಬಿಟ್ಟ. "ಏನ್ ಅಳೀತಿ ಬಿಡೋ ತಮ್ಮಾ. ಉತಾರ ಒಂದ ಐತಿ, ರಾಶೀನೂ ಒಂದ ಇರ್ಲಿ."

ಈಗ ನನಗೆ ವಯಸ್ಸಾಗಿದೆ. ಬಿಸಿಲಿಗೆ ನೀಲಿ ಬಿಳಚಿಕೊಂಡಿದೆ, ಮೂಲೆಯ ಅಕ್ಷರ ಅಳಿಸಿದೆ, ಹಿತ್ತಲಲ್ಲಿ ಎರಡೂ ಮನೆಯ ಸೌದೆ ಮುಚ್ಚಿಕೊಂಡು ಬಿದ್ದಿದ್ದೇನೆ. ಉತಾರ ಒಡೆಸಿಕೊಂಡರೆ ಆಳಿಗೊಂದು ತಾಡಪತ್ರಿ ಸಿಗುತ್ತದೆ ಎಂದು ಕೇಂದ್ರದವರು ಎಷ್ಟೋ ಸಲ ತಿಳಿಸಿ ಹೇಳಿದರು. ಅಣ್ಣತಮ್ಮ ಹೂಂ ಎಂದು ತಲೆಯಾಡಿಸಿ ಬರುತ್ತಾರೆ. ಮೊನ್ನೆ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಹೊಸ ತಾಡಪತ್ರಿ ತಂದರು.

ಒಂದೇ ತಂದರು.