ಎರಡನೇ ಮೀಟರ್

"ಮೂರಾತು," ಎಂದು ಪದ್ಮರಾಜ ಫ್ಯಾನ್ ಬಂದ್ ಮಾಡಿದರು.

ರೆಕ್ಕೆಗಳು ಇನ್ನೂ ಪೂರ್ತಿ ನಿಂತಿರಲಿಲ್ಲ, ಅಷ್ಟರಲ್ಲೇ ಟೆಂಪೋದ ಕಾದ ತಗಡು ಒಳಗೆಲ್ಲ ಧಗೆ ತುಂಬಿತು. ಮಲಗಿದ್ದ ಹೆಂಡತಿ ಮಹಾದೇವಿ ಕಣ್ಣು ತೆರೆಯದೆಯೇ, "ಹಚ್ಚರಿ ಅದನ್ನ," ಎಂದರು.

"ಮೂರು ತಾಸು ಆತಲಾ."

"ಮೂರು ತಾಸಿಗೆ ಬಿಸಲು ಇಳದೇತೇನು? ಹೊರಗರೆ ನೋಡ್ರಿ."

ಪದ್ಮರಾಜ ಹೊರಗೆ ನೋಡಲಿಲ್ಲ. ಡ್ರೈವರ್ ಸೀಟಿನ ಹಿಂದೆ ಕೂಡಿಸಿದ್ದ ಪುಟ್ಟ ಮೀಟರನ್ನು ನೋಡಿದರು. ಬೆಳಗಿನಿಂದ ಸೊನ್ನೆ ಪಾಯಿಂಟ್ ಎರಡು ನಾಲ್ಕು. ಇನ್ನು ಸಂಜೆಯ ದೀಪ, ನೀರಿನ ಪಂಪು, ಎರಡು ಮೊಬೈಲು, ಮಲಗುವಾಗ ಮತ್ತೆ ಮೂರು ತಾಸು ಫ್ಯಾನು. ಎಲ್ಲ ಸೇರಿ ಅರ್ಧ ಯುನಿಟ್ ದಾಟಬಾರದು. ಒಂದು ಕೂದಲೆಳೆ ದಾಟಿದರೂ ನೇಮ ಮುರಿದಂತೆ.

ಈ ಪದ್ಮರಾಜ ಮೂವತ್ತೊಂದು ವರ್ಷ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿದವರು. ಮಗ್ಗಗಳ ಖಟಪಟದ ನಡುವೆ ಯಾರ ಮನೆಯಲ್ಲಿ ಎಷ್ಟು ಯುನಿಟ್ ಉರಿಯುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳುವ ಮನುಷ್ಯ. ನಿವೃತ್ತರಾದ ಮೂರನೇ ತಿಂಗಳಿಗೆ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ತಂದು ತೇರದಾಳದ ಮನೆ ಮುಂದೆ ನಿಲ್ಲಿಸಿದರು. ಸೀಟು ಕೀಳಿಸಿ ಎರಡು ಮಂಚ ಹಾಕಿಸಿದರು; ಗ್ಯಾಸಿನ ಒಲೆ, ನೀರಿನ ಟಾಕಿ, ಟಪ್ಪಿನ ಮೇಲೊಂದು ಸೋಲಾರ್ ಹಲಗೆ, ಮಂಚದ ಕೆಳಗೆ ಬ್ಯಾಟರಿ. ಮನೆಯನ್ನು ಬಾಡಿಗೆಗೆ ಕೊಟ್ಟರು. ಇನ್ನು ಮೇಲೆ ದಿಗಂಬರ ಮುನಿಗಳ ಸಂಘ ಎಲ್ಲಿಗೆ ವಿಹಾರ ಹೊರಟರೆ ಅಲ್ಲಿಗೆ ತಾವೂ ಎಂದರು. ಮುನಿಗಳು ಕಾಲ್ನಡಿಗೆಯಲ್ಲಿ ಊರು ತಲುಪುವಷ್ಟರಲ್ಲಿ ಇವರ ಟೆಂಪೋ ಮುಂದೆ ಹೋಗಿರಬೇಕು, ಬಾವಿ ನೀರು ಸೋಸಿ ಚೌಕ, ಅಂದರೆ ಮಡಿಯ ಅಡಿಗೆಯ ಜಾಗ, ಹೂಡಿರಬೇಕು, ದಿನಕ್ಕೆ ಒಂದೇ ಹೊತ್ತು ಉಣ್ಣುವ ಅವರಿಗೆ ಶುದ್ಧ ಆಹಾರ ಸಿದ್ಧವಿರಬೇಕು. ಪುಣ್ಯದ ಕೆಲಸ, ಇಲ್ಲವೆಂದವರು ಯಾರು? ಬೆಳಗಿನ ನಾಲ್ಕಕ್ಕೆ ಎದ್ದು ಮಡಿಯುಟ್ಟು ಒಲೆಯ ಮುಂದೆ ಕೂರುವವರು ಮಾತ್ರ ಮಹಾದೇವಿ.

ನೇಮದ ಕಥೆ ಸಂಕ್ರಮಣದ ಮರುದಿನದ್ದು. ಜಮಖಂಡಿಯಲ್ಲಿ ಸಂಘದ ಹಿರಿಯ ಮುನಿ ಮಹಾರಾಜರ ಪ್ರವಚನ ಮುಗಿದ ಮೇಲೆ ಶ್ರಾವಕರು ಒಬ್ಬೊಬ್ಬರೇ ಎದ್ದು ನೇಮ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಸಿಹಿ ಬಿಟ್ಟರು, ಒಬ್ಬರು ಚಹಾ ಬಿಟ್ಟರು. ಚಹಾಕ್ಕಿಂತ ದೊಡ್ಡದೇನಾದರೂ ಬಿಡಬೇಕೆಂದು ಪದ್ಮರಾಜರಿಗೆ ಹುರುಪು ಬಂತು. ಎದ್ದು ಕೈಮುಗಿದು, "ನಮ್ಮ ಮನಿಯೊಳಗ ಇನ್ನ ಒಂದ ವರ್ಷ ದಿನಕ್ಕ ಅರ್ಧ ಯುನಿಟ್ ಕರೆಂಟ್ ಮಹಾರಾಜ್, ಹೆಚ್ಚಿಗಿ ಇಲ್ಲ," ಎಂದುಬಿಟ್ಟರು. ಸಭೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಆಗ ಥಂಡಿ ದಿನ, ಫ್ಯಾನಿನ ಮಾತೇ ಇರಲಿಲ್ಲ, ಮೀಟರ್ ದಿನಕ್ಕೆ ಸೊನ್ನೆ ಪಾಯಿಂಟ್ ಎರಡನ್ನೂ ದಾಟುತ್ತಿರಲಿಲ್ಲ. ಬೇಸಿಗೆ ಎಂಬುದೊಂದು ಬರುತ್ತದೆ ಎಂದು ಮೂವತ್ತೊಂದು ವರ್ಷ ಬಿಸಿಲಲ್ಲಿ ಅಲೆದವರಿಗೆ ನೆನಪಾಗಲಿಲ್ಲ ನೋಡಿ.

ಈಗ ಏಪ್ರಿಲ್ ಅರ್ಧ ಕಳೆದಿತ್ತು. ಸಂಘ ಬಾಡಗಂಡಿಯ ಹತ್ತಿರ ಗುರುಪಾದ ಎಂಬ ರೈತನ ತೋಟದಲ್ಲಿ ಎಂಟು ದಿನಕ್ಕೆಂದು ತಂಗಿತ್ತು. ಬೇವಿನ ನೆರಳಲ್ಲಿ ಸೋಲಾರ್ ನಡೆಯದೆಂದು, ಮರದ ಕೆಳಗೆ ನಿಂತ ಟೆಂಪೋಗೆ ಗುರುಪಾದನ ಮನೆಯಿಂದಲೇ ವೈರು ಎಳೆದಿದ್ದರು. ದಿನಾ ಸಂಜೆ ಪದ್ಮರಾಜ ಅವನ ಕೈಗೆ ನಾಲ್ಕು ರೂಪಾಯಿ ಇಡುತ್ತಿದ್ದರು.

"ಸರ, ನಮಗ ಸರಕಾರನ ಫುಕಟ್ ಕೊಟ್ಟೇತಿ," ಎಂದು ಗುರುಪಾದ ನಗುತ್ತಿದ್ದ. "ನಿಮ್ಮ ನಾಕ ರೂಪಾಯಿ ತಗೊಂಡು ನಾ ಯಾರಿಗಿ ಕೊಡ್ಲಿ? ದಿನಪೂರ್ತಿ ಫ್ಯಾನ್ ಹಚ್ಚರಿ, ಅಕ್ಕಾರು ಬೆಂದು ಹೊಂಟಾರ."

"ಫುಕಟ್ ಇದ್ರ ಉರಿಯೂದಿಲ್ಲೇನಪಾ?" ಎಂದು ಪದ್ಮರಾಜ ಚಿಲ್ಲರೆಯನ್ನು ಅವನ ಕಿಸೆಗೇ ತುರುಕುತ್ತಿದ್ದರು.

ಹಿಂದಿನ ದಿನ ಚೌಕದಲ್ಲಿ ಮಹಾದೇವಿಗೆ ಚಕ್ಕರ್ ಬಂದಿತ್ತು. ಕಂಬ ಹಿಡಿದು ಕೂತವರು ಬಹಳ ಹೊತ್ತು ಮೇಲೇಳಲಿಲ್ಲ. ಇವತ್ತು ಫ್ಯಾನ್ ನಿಂತ ಮೇಲೆ ಅವರು ಎದ್ದು ಕುಳಿತು ಸೆರಗಿನಿಂದ ಕೊರಳು ಒರೆಸಿಕೊಂಡರು.

"ನಾ ನಾಳೆ ಹುನ್ನೂರಿಗಿ ಹೋಕ್ಕೇನಿ, ತಂಗಿ ಮನೀಗೆ."

ಪದ್ಮರಾಜ ಮೀಟರಿನಿಂದ ಕಣ್ಣು ತೆಗೆದು ತಿರುಗಿದರು. ಮಹಾದೇವಿ ಇಲ್ಲದೆ ಚೌಕವಿಲ್ಲ. ಚೌಕವಿಲ್ಲದೆ ಸಂಘದ ಹಿಂದೆ ಖಾಲಿ ಟೆಂಪೋ ಓಡಿಸಿಕೊಂಡು ಹೋಗುವುದರಲ್ಲಿ ಏನರ್ಥ? ಅಂದರೆ ವಾಪಸ್ ತೇರದಾಳ. ಅಲ್ಲಿ ಮನೆಯಲ್ಲಿ ಬಾಡಿಗೆಯವರು.

"ಹಿಂಗಂದ್ರ ಹೆಂಗ? ನೇಮ ಮುರಿಯಾಕ ಬರ್ತೈತೇನು?"

"ನೇಮ ತಗೊಂಡವ್ರು ಯಾರು?"

"ಮನೀ ಪರವಾಗಿ ನಾ ತಗೊಂಡೇನಿ."

ಮಹಾದೇವಿ ಮುಖಕ್ಕೆ ನೀರು ಹಾಕಿಕೊಂಡು, ತಲೆ ಮೇಲೆ ಸೆರಗು ಹೊದ್ದು, ಮಹಾರಾಜರು ಕುಳಿತಿದ್ದ ಶೆಡ್ಡಿನ ಕಡೆ ನಡೆದರು. ಪದ್ಮರಾಜ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿದರು.

ಶೆಡ್ಡಿನಲ್ಲಿ ಏಳೆಂಟು ಮಂದಿ ಕುಳಿತಿದ್ದರು. ಚಾಪೆಯೂ ಇಲ್ಲದ ಹಲಗೆಯ ಮೇಲೆ ಮಹಾರಾಜರು, ಮಗ್ಗುಲಲ್ಲಿ ನವಿಲುಗರಿಯ ಪಿಂಛಿ. ಆ ಧಗೆಯಲ್ಲೂ ಅವರು ಬಿಸಿಲಿನ ಸುದ್ದಿ ಎತ್ತಿದವರಲ್ಲ. ಅವರ ಎದುರು ಫ್ಯಾನಿನ ಮಾತು ಆಡುವುದೇ? ಪದ್ಮರಾಜ ನಾಚಿಕೆಯಿಂದ ತಲೆ ತಗ್ಗಿಸಿದರು.

"ನಮೋಸ್ತು ಮಹಾರಾಜ್," ಎಂದು ಮಹಾದೇವಿ ಬಾಗಿದರು. "ಒಂದ ಮಾತು ಕೇಳೂದಿತ್ತು. ಇವ್ರು ಅರ್ಧ ಯುನಿಟ್ಟಿನ ನೇಮ ತಗೊಂಡಾಗ ನಾ ಅಲ್ಲೇ ಇದ್ದೆ. ನನ್ನ ಕೇಳಲಿಲ್ಲ. ಆ ನೇಮ ನಂದೂ ಆಕ್ಕೈತೇನ್ರಿ?"

ಮಹಾರಾಜರು ಪದ್ಮರಾಜರ ಕಡೆ ನೋಡಿದರು. "ಏನಂತ ತಗೊಂಡಿದ್ರಿ?"

"ನಮ್ಮ ಮನಿಯೊಳಗ ಅಂತ, ಮಹಾರಾಜ್."

"ಮನಿ ಕೈಮುಗದು ನಿಂತಿತ್ತೇನು?"

ಯಾರೋ ಕಿಸಕ್ಕೆಂದರು. ಮಹಾರಾಜರು ನಗಲಿಲ್ಲ. "ನೇಮ ತಗೊಂಡವ್ರದು. ನಿಮ್ಮದು ನೀವು ನಡಸ್ರಿ, ಛಲೋ ಐತಿ. ಈ ತಾಯಿ ಏನೂ ತಗೊಂಡಿಲ್ಲ. ಇವ್ರಿಗಿ ಅದು ಇಲ್ಲ."

ಅಷ್ಟೇ. ವಾಪಸ್ ಬರುವಾಗ ಮಹಾದೇವಿ ಮುಂದೆ, ಪದ್ಮರಾಜ ಹಿಂದೆ. ಅವಮಾನವಾಯಿತೇ ಎಂದರೆ ಆಯಿತು. ಆದರೆ ಪದ್ಮರಾಜ ಪ್ರಾಮಾಣಿಕ ಮನುಷ್ಯ, ಆ ಮಾತನ್ನು ಯಾರೂ ತೆಗೆದುಹಾಕುವ ಹಾಗಿಲ್ಲ. ತಪ್ಪು ರೀಡಿಂಗ್ ಬರೆದದ್ದು ಗೊತ್ತಾದರೆ ಅವರು ಸೈಕಲ್ ತಿರುಗಿಸಿಕೊಂಡು ಹೋಗಿ ತಿದ್ದಿ ಬರುತ್ತಿದ್ದವರು. ಇದನ್ನೂ ತಿದ್ದಬೇಕು ಎಂದುಕೊಂಡರು. ಟೆಂಪೋ ಹತ್ತಿದವರೇ ಮೀಟರಿನ ಅಂಕಿ ಗುರುತು ಹಾಕಿಕೊಂಡು, ಮುಂದಿನದು ಮಹಾದೇವಿಯ ಲೆಕ್ಕವೆಂದು ಫ್ಯಾನ್ ಹಚ್ಚಿದರು. ಮಹಾದೇವಿ ಅದರ ಮುಂದೆ ಕಾಲು ಚಾಚಿ ಕುಳಿತು, ಎಷ್ಟೋ ದಿನದ ಮೇಲೆ ಹಗುರಾಗಿ, "ನಾಳೆ ಹೋಗೂದಿಲ್ಲ ಬಿಡ್ರಿ," ಎಂದರು. ಪದ್ಮರಾಜರಿಗೆ ಜೀವ ಬಂದಂತಾಯಿತು. ಹೊರಗೆ ಹೋಗಿ ಬೇವಿನ ಬುಡದಲ್ಲಿ ನಿಂತು ಬೀಳಗಿಗೆ ಫೋನ್ ಮಾಡಿದರು.

ಮರುದಿನ ಮುನಿಗಳ ಆಹಾರ ಮುಗಿದು, ಪಾತ್ರೆ ತೊಳೆದು ಮಹಾದೇವಿ ಟೆಂಪೋಗೆ ಬಂದಾಗ ಹನ್ನೊಂದು ಗಂಟೆ. ಒಳಗೆ ಬೀಳಗಿಯ ವೈರಿಂಗ್ ಕೆಲಸದ ನಿಂಗಣ್ಣ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ನಿಂತಿದ್ದ. ಹಳೆಯ ಮೀಟರಿನ ಮಗ್ಗುಲಲ್ಲಿ ಹೊಸದೊಂದು ಮೀಟರ್ ಹೊಳೆಯುತ್ತಿತ್ತು. ಪದ್ಮರಾಜರ ಮುಖ ಅದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ನೋಡು," ಎಂದರು. "ಫ್ಯಾನಿನ ಲೈನ್ ಪೂರಾ ನಿನ್ನ ಮೀಟರಿಗಿ. ರಾತ್ರಿ ಹಗಲು ಹಚ್ಕೊ, ನಾ ಕೇಳೂದಿಲ್ಲ. ದೀಪ, ಪಂಪು, ಮೊಬೈಲು ನಂದರಾಗ. ನಿಂದ ನಿನಗ, ನಂದ ನನಗ. ನೇಮಾನೂ ಉಳೀತು, ನಿನ್ನ ಗಾಳೀನೂ ಉಳೀತು."

ತಮ್ಮ ಮಂಚವನ್ನೂ ಪದ್ಮರಾಜ ಹಿಂದಿನ ಬಾಗಿಲ ಹತ್ತಿರ ಎಳೆದಿದ್ದರು. ಹೆಂಡತಿಯ ಯುನಿಟ್ಟಿನ ಗಾಳಿ ತಮಗೆ ತಾಕಬಾರದಲ್ಲ!

ನಿಂಗಣ್ಣ ಎರಡು ಬಿಳಿ ಚೀಟಿ ತೆಗೆದ. ಒಂದರ ಮೇಲೆ ಪದ್ಮರಾಜ ಎಂದು ಬರೆದು ಹಳೆಯ ಮೀಟರಿಗೆ, ಇನ್ನೊಂದನ್ನು ಖಾಲಿಯೇ ಹೊಸದಕ್ಕೆ ಅಂಟಿಸಿದ. "ಅಕ್ಕಾರ, ಇದಕ್ಕ ನಿಮ್ಮ ಹೆಸರು ಏನಂತ ಬರೀಲಿ?"

"ಬಾಡಿಗಿಯವ್ರು ಅಂತ ಬರಿಯಪಾ," ಎಂದರು ಮಹಾದೇವಿ.

ಪದ್ಮರಾಜ ಜೋರಾಗಿ ನಕ್ಕರು. ನಿಂಗಣ್ಣನೂ ನಗಲು ಹೋಗಿ, ಅಕ್ಕನ ಮುಖ ನೋಡಿ, ಪೆನ್ನಿಗೆ ಟೊಪ್ಪಿಗೆ ಹಾಕಿದ.

"ನಗ್ತೀರಲಾ? ಒಂದ ಮನ್ಯಾಗ ಎರಡ ಮೀಟರ್ ಯಾವಾಗ ಕೂಡಸ್ತಾರ? ಓಣಿ ಓಣಿ ತಿರಗೇರಿ, ನಿಮಗ ಗೊತ್ತಿಲ್ಲದ್ದೇನಲ್ಲ. ಬಾಡಿಗಿ ಮಂದಿ ಬಂದಾಗ, ಇಲ್ಲಾ ಅಣ್ತಮ್ಮರು ಬ್ಯಾರೆ ಆದಾಗ."

"ನಿನಗಂತನ ಹಾಕಿಸಿದ್ನೆಲಾ ಮಹಾದೇವಿ!"

"ಹಾಕಸೂಕಿಂತ ಮೊದಲ ಕೇಳಿದ್ರೇನು? ಟೆಂಪೋ ತರೂಮುಂದ ಕೇಳಿದ್ರೇನು? ನಾ ಇರೂ ಮನಿ ಮಂದೀಗೆ ಕೊಡೂಮುಂದ ಕೇಳಿದ್ರೇನು?" ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿದ್ದವು. "ನೇಮ ತಗೊಳ್ಳೂಮುಂದ ಒಂದ ಸಲ ಹೊಳ್ಳಿ ನೋಡಿದ್ರ ಸಾಕಿತ್ತು. ನಾನೂ ಕೈಮುಗದು ನಿಂದರ್ತಿದ್ದೆ."

ಅವರು ಮಂಚದ ಕೆಳಗಿಂದ ಚೀಲ ಎಳೆದು ಎರಡು ಸೀರೆ ತುಂಬಿಕೊಂಡರು. ಪದ್ಮರಾಜ ರಸ್ತೆಯವರೆಗೆ ಹಿಂದೆ ಹೋದರು. ಚೀಲ ಹಿಡಿಯಲು ಕೈಚಾಚಿದರು, ಮಹಾದೇವಿ ಕೊಡಲಿಲ್ಲ. ಜಮಖಂಡಿ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು, ಅವರನ್ನು ಹತ್ತಿಸಿಕೊಂಡು ಹೋಯಿತು.

ಪದ್ಮರಾಜ ಸಂಘದವರಿಗೆ ಹೇಳಿ ಬಂದರು: ನಾಳೆಯ ಚೌಕ ಬೇರೆ ಯಾರಾದರೂ ನೋಡಿಕೊಳ್ಳಬೇಕು. ಕಾರಣ ಯಾರೂ ಕೇಳಲಿಲ್ಲ. ನಿಂಗಣ್ಣ ಕೂಲಿ ತೆಗೆದುಕೊಂಡು ಹೋಗಿದ್ದ. ಖಾಲಿ ಚೀಟಿ ಹೊಸ ಮೀಟರಿನ ಮೇಲೆ ಹಾಗೇ ಅಂಟಿಕೊಂಡಿತ್ತು.

ಟೆಂಪೋದೊಳಗೆ ಕಾಲಿಟ್ಟರೆ ಮೈ ಸುಡುತ್ತಿತ್ತು. ಹಳೆಯ ಮೀಟರ್ ನೋಡಿದರು. ಸೊನ್ನೆ ಪಾಯಿಂಟ್ ಸೊನ್ನೆ ಆರು. ಇವತ್ತು ನೇಮಕ್ಕೆ ಏನೂ ಧಕ್ಕೆಯಿರಲಿಲ್ಲ. ಐದಾರು ತಾಸು ಫ್ಯಾನ್ ಓಡಿದರೂ ಅರ್ಧ ಯುನಿಟ್ ಆಗುತ್ತಿರಲಿಲ್ಲ. ಕೈ ತಾನಾಗಿಯೇ ಫ್ಯಾನಿನ ಬಟನ್ ಕಡೆ ಹೋಯಿತು, ನಡುವೆಯೇ ನಿಂತಿತು. ಲೈನು ಅವಳ ಮೀಟರಿನದು. ತಾವೇ ನಿಂತು ಮಾಡಿಸಿದ್ದು. ಇನ್ನೊಬ್ಬರ ಮೀಟರಿನಿಂದ ಕೇಳದೆ ಕರೆಂಟು ಎಳೆಯುವುದಕ್ಕೆ ಏನೆನ್ನುತ್ತಾರೆ ಎಂಬುದು ಮೀಟರ್ ಓದಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವರು ಮೆಟ್ಟಿಲ ಮೇಲೆ ಕುಳಿತರು. ಅಂಗಿ ಬೆನ್ನಿಗೆ ಅಂಟಿತ್ತು. ನಾಲ್ಕು ಹೊಡೆಯುವವರೆಗೂ ಹಾಗೇ ಕುಳಿತಿದ್ದು, ಕೊನೆಗೆ ಫೋನ್ ತೆಗೆದರು.

"ಹುನ್ನೂರ ಮುಟ್ಟಿದೇನು?"

"ಹೂಂ. ಎರಡಕ್ಕ ಬಂದೆ."

"ಊಟ?"

"ಆತು."

ಪದ್ಮರಾಜ ಹೊರಳಿ ಹೊಸ ಮೀಟರಿನ ಖಾಲಿ ಚೀಟಿ ನೋಡಿದರು.

"ಮಹಾದೇವಿ, ಫ್ಯಾನ್ ಹಚ್ಚಲೇನು?"

ಹುನ್ನೂರಿನ ಆ ಮನೆಯಲ್ಲಿ ಫ್ಯಾನು ಗರಗರ ತಿರುಗುವುದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಏನಂದ್ರಿ?" ಎಂದರು ಮಹಾದೇವಿ. "ಇನ್ನೊಮ್ಮೆ ಅನ್ರಿ."

ಪದ್ಮರಾಜ ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡು, ಇನ್ನೊಮ್ಮೆ ಕೇಳಿದರು.