ತರಬೇತಾದ ಗಂಡ

ಗಂಡಸರನ್ನು ತಿದ್ದುವ ಕೆಲಸಕ್ಕೆ ನನ್ನನ್ನು ಆರಿಸಿದ್ದೇ ಮೊದಲ ತಪ್ಪು. 2008ರಲ್ಲಿ ಮೈಸೂರಿನ ಒಂದು ಸಂಸ್ಥೆಯವರು ಗುಂಡ್ಲುಪೇಟೆಯ ಕಲ್ಯಾಣ ಮಂಟಪದಲ್ಲಿ ಎರಡು ದಿನದ ಶಿಬಿರ ಇಟ್ಟರು. ವಿಷಯ, ಹೆಂಡತಿಯ ಮೇಲೆ ಕೈ ಎತ್ತದಿರುವುದು ಹೇಗೆ. ಇದಕ್ಕೆ ಎರಡು ದಿನ ಯಾಕೆ ಬೇಕು ಎಂದು ನನ್ನ ಅಮ್ಮ ಅಮೀರುನ್ನೀಸಾ ಕೇಳಿದಳು. ಕೈ ಕೆಳಗಿಡಿ ಅಂದರೆ ಮುಗಿಯಿತಲ್ಲ ಎಂಬುದು ಅವಳ ವಾದ. ನಾನು, ಕಲಂದರ್, ಬಿ.ಎ. ಮುಗಿಸಿ ಬೀದಿನಾಟಕ ಆಡಿಕೊಂಡಿದ್ದವನು. ಯಾರ ದನಿಯನ್ನಾದರೂ ಗಂಟಲಿಂದ ತೆಗೆಯುತ್ತಿದ್ದೆ. ಅಪ್ಪನ ಬೀಗ ರಿಪೇರಿ ಅಂಗಡಿಯಲ್ಲಿ ಕೂರುವುದಕ್ಕಿಂತ ‘ಸಂಪನ್ಮೂಲ ವ್ಯಕ್ತಿ’ ಅನ್ನಿಸಿಕೊಳ್ಳುವುದು ಮೇಲೆಂದು ಒಪ್ಪಿದೆ. ಸಂಪತ್ತೂ ಇರಲಿಲ್ಲ, ಮೂಲವೂ ಇರಲಿಲ್ಲ.

ಬಂದವರು ನಲವತ್ತು ಮಂದಿ. ಹಳ್ಳಿಯವರು ಊಟಕ್ಕೆ ಬಂದಿದ್ದರು, ನೌಕರರು ಕಚೇರಿಗೆ ಹೋಗದೆ ಹಾಜರಿ ಸಿಗುತ್ತದೆಂದು ಬಂದಿದ್ದರು. ಗಂಡಸುತನ ಎಂದರೇನು ಬರೆಯಿರಿ ಎಂದು ಚಾರ್ಟ್ ಪೇಪರ್ ಕೊಟ್ಟೆವು. ಒಂದು ಗುಂಪು ‘ಮೀಸೆ’ ಎಂದು ಬರೆದು, ಅರ್ಧ ಗಂಟೆ ಯೋಚಿಸಿ, ಅದರ ಕೆಳಗೆ ಗೆರೆ ಎಳೆಯಿತು. ಇನ್ನೊಂದು ಗುಂಪು ‘ಧೈರ್ಯ, ಬೈಕು, ಕೊಟ್ಟ ಮಾತಿಗೆ ತಪ್ಪದಿರುವುದು’ ಎಂದು ಬರೆದು, ಊಟವಾದ ಮೇಲೆ ಅರ್ಧಕ್ಕರ್ಧ ಮಾಯವಾಯಿತು. ಉಳಿದವರ ಮುಂದೆ ನಾನು ಏಟು ತಿಂದ ಹೆಂಗಸಿನ ದನಿಯಲ್ಲಿ ಅತ್ತು ತೋರಿಸಿದೆ. ಎಲ್ಲರೂ ಕಣ್ಣೊರೆಸಿಕೊಂಡರು, ನಕ್ಕು ನಕ್ಕು. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಅತ್ತೆ.

ನಿಜವಾಗಿ ಅತ್ತವನು ಉಡಿಗಾಲದ ಶಿವಸ್ವಾಮಿ ಒಬ್ಬನೇ. ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಹೆಣ್ಣು ಎಂದರೆ ತಾಯಿ ಎಂದು ಗದ್ಗದನಾದ. ಫೋಟೋ ತೆಗೆಯುವವನು ಸರಿಯಾಗಿ ಬರಲಿಲ್ಲ ಎಂದಾಗ ಅದೇ ಗದ್ಗದವನ್ನು ಅದೇ ಜಾಗದಲ್ಲಿ ಮತ್ತೆ ಕೊಟ್ಟ. ಹತ್ತು ನಿಮಿಷದ ಮೇಲೆ ಕೈ ತೊಳೆಯುವ ಕಡೆ ನಿಂತು, ಮೊಬೈಲಿನಲ್ಲಿ ಹೆಂಡತಿಯನ್ನು ಬೈಯುತ್ತಿದ್ದ. ದನಿ ಏರಿಸಲಿಲ್ಲ, ಹಲ್ಲು ಕಚ್ಚಿಕೊಂಡು, ಒಂದೊಂದೇ ಮಾತು. ಮನೆಗೆ ಬಂದಮೇಲೆ ಇದೆ ನಿನಗೆ ಎಂದು ಮುಗಿಸಿದ. ಆ ದನಿ ನನಗೆ ಬಹಳ ಹಿಡಿಸಿತು. ಒಳ್ಳೆಯ ಸರಕು ಎಂದು ಎತ್ತಿಟ್ಟುಕೊಂಡೆ. ಮಾರನೆಯ ದಿನ ಅವನ ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದೆ. ಪತಿಗೆ ಪತ್ರ ಸಿಕ್ಕಿತು, ಸಂಸ್ಥೆಗೆ ಚಿತ್ರ ಸಿಕ್ಕಿತು.

ಮೂರು ತಿಂಗಳ ಮೇಲೆ ಶಿವಸ್ವಾಮಿಯ ಅತ್ತೆ ಸುಂದ್ರಮ್ಮ ಭೀಮನಬೀಡಿನಿಂದ ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳು ಪ್ರಿಯಾಂಕ ಗಂಡನನ್ನು ಬಿಟ್ಟು ತವರಿಗೆ ಬಂದು ಎಂಟು ದಿನವಾಗಿತ್ತು. ಎಡಗೈ ಮುರಿದಿತ್ತು. ಅವಳನ್ನು ವಾಪಸು ಕಳಿಸುವುದೋ ಬೇಡವೋ ಎಂದು ಸೋಮವಾರ ಊರ ಚಾವಡಿಯಲ್ಲಿ ನ್ಯಾಯ. ಕಳಿಸಬೇಕೆಂದಾದರೆ ಅದೇ ದಿನ ಗಂಡನ ಹಿಂದೆ ಬಸ್ಸು ಹತ್ತಬೇಕು. ಈ ಸಲ ಹೋದರೆ ಮಗಳು ಉಳಿಯುವುದಿಲ್ಲ ಎಂದು ಸುಂದ್ರಮ್ಮ ಅಳದೆ ಹೇಳಿದರು. ಅಳಿಯ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ಊರ ಯಜಮಾನರಿಗೆಲ್ಲ ತೋರಿಸಿಕೊಂಡು ಬಂದಿದ್ದ. ಹೊಡೆಯಬಾರದೆಂದು ತರಬೇತಿ ಆದವನು ಹೊಡೆಯುವುದುಂಟೆ, ಹುಡುಗಿಯೇ ಎಲ್ಲೋ ಬಿದ್ದಿದ್ದಾಳೆ ಎಂದು ಊರು ಆಗಲೇ ಮುಕ್ಕಾಲು ತೀರ್ಮಾನ ಮಾಡಿತ್ತು. ಚಾವಡಿಯಲ್ಲಿ ಹೆಂಗಸು ಬಾಯಿ ಬಿಡುವಂತಿಲ್ಲ, ಅವಳ ಕಡೆಯಿಂದ ಗಂಡಸೊಬ್ಬ ಮಾತಾಡಬೇಕು. ಸುಂದ್ರಮ್ಮನಿಗೆ ಗಂಡನೂ ಇರಲಿಲ್ಲ, ಗಂಡುಮಕ್ಕಳೂ ಇರಲಿಲ್ಲ.

“ಸೈನು ನಿಮ್ದೇ ಅಲ್ವಾ ಸಾಬ್ರೆ?” ಎಂದರು. “ನೀವೇ ಬಂದು ಅದು ಸುಳ್ಳು ಅಂದ್ಬುಡಿ.”

ಹೋದೆ. ಜಗಲಿಯ ಮೇಲೆ ಹನ್ನೆರಡು ಗಂಡಸರು ಕೂತಿದ್ದರು, ಅವರ ಪಕ್ಕದಲ್ಲೇ ಶಿವಸ್ವಾಮಿ. ಹೆಂಗಸರು ಕೆಳಗೆ, ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರ ನಡುವೆ ಕೈಗೆ ಪಟ್ಟಿ ಕಟ್ಟಿಕೊಂಡ ಪ್ರಿಯಾಂಕ. ಯಜಮಾನ ಲಿಂಗಯ್ಯನವರು ಪ್ರಮಾಣಪತ್ರವನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ತಟ್ಟಿ ನೋಡಿ, ಸಹಿ ನನ್ನದೇನಾ ಎಂದು ಕೇಳಿದರು. ನನ್ನದೇ, ಆದರೆ ಎರಡು ದಿನ ಕೂತು ಉಂಡವರಿಗೆಲ್ಲ ಕೊಟ್ಟಿದ್ದೇವೆ, ಅದಕ್ಕೆ ಬೆಲೆಯಿಲ್ಲ ಎಂದೆ. ಯಾರ ಮುಖವೂ ಅಲ್ಲಾಡಲಿಲ್ಲ. ಹಾಗಾಗಿ ಮಾಡಿ ತೋರಿಸಿದೆ. ಮೊದಲು ಶಿವಸ್ವಾಮಿಯ ಗದ್ಗದ. ಆಮೇಲೆ ಕಿವಿಗೆ ಕೈ ಇಟ್ಟುಕೊಂಡು, ಹಲ್ಲು ಕಚ್ಚಿಕೊಂಡು, ಆ ಫೋನಿನ ಮಾತು.

ಜಗಲಿ ನಗೆಯಿಂದ ಅದುರಿತು. ಶಿವಸ್ವಾಮಿಯೇ ತೊಡೆ ತಟ್ಟಿಕೊಂಡು ನಕ್ಕ.

“ಅಂಗೇ ಕಣ್ಲಾ ಶಿವಸ್ವಾಮಿ, ಅಚ್ಚು ನಿನ್ ದನಿಯೇ,” ಎಂದು ಪಕ್ಕದವನು ಅವನ ಭುಜ ಗುದ್ದಿದ.

ಅವನು ಹೊಡೆದನೇ ಎಂಬ ಪ್ರಶ್ನೆ ಹೋಗಿ, ನಾನು ಅವನ ಹಾಗೆಯೇ ಮಾಡಿದೆನೇ ಎಂಬ ಪ್ರಶ್ನೆ ಬಂದು ಕೂತಿತ್ತು. ಇನ್ನೊಂದು ಮಾಡಿ ಸಾಬ್ರೆ ಎಂದರು. ಅಳುವ ಹೆಂಗಸನ್ನೂ ಮಾಡಿದೆ. ಪ್ರಿಯಾಂಕ ನಗಲಿಲ್ಲ. ಅದನ್ನು ನೋಡಿಯೂ ನಿಲ್ಲಿಸಲಿಲ್ಲ.

ಲಿಂಗಯ್ಯನವರು ಟವೆಲಿನಿಂದ ಕಣ್ಣೊರೆಸಿಕೊಂಡರು. “ಗಂಡ್ಸು ಅಂದ್ಮೇಲೆ ಒಂದ್ ಮಾತು ಬತ್ತದೆ, ಒಂದ್ ಏಟು ಬೀಳ್ತದೆ. ಈಗ ನಾಕ್ ಜನದ್ ಮುಂದೆ ನಕ್ಬುಟ್ಟ, ಮನ್ಸಲ್ಲಿರದೆಲ್ಲ ಓಯ್ತು ಬುಡಿ,” ಎಂದು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಮುಂದೆ ಹಿಡಿದರು.

ನಮ್ಮ ಮನೆಗಳಲ್ಲಿ ಮೆಚ್ಚಿದವರ ಮುಂದೆ ಪಾನ್ ಇಡುತ್ತಾರೆ. ಬೇಡವೆಂದರೆ ಇಟ್ಟವರಿಗೆ ಅವಮಾನ. ಕಲಾವಿದನಿಗೆ ಮರ್ಯಾದೆ ಎಂದುಕೊಂಡು, ಸಲಾಂ ಮಾಡಿ, ಎರಡು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ. ಹನ್ನೆರಡು ಗಂಡಸರೂ ಎದ್ದು ಪಂಚೆ ಕೊಡವಿಕೊಂಡರು. ಸುಂದ್ರಮ್ಮ ಗೋಡೆ ಹಿಡಿದು ಕುಸಿದರು.

“ಹೆಣ್ಣಿನ ಕಡೆಯೋರು ವೀಳ್ಯ ತಕ್ಕಂಡ್ರು,” ಎಂದು ಲಿಂಗಯ್ಯನವರು ಸಾರಿದರು. “ನ್ಯಾಯ ಮುಗೀತು. ನಡಿಯಮ್ಮಿ, ಬಸ್ಸಿಗೆ ಒತ್ತಾಯ್ತು.”

ಹೆಣ್ಣಿನ ಪರ ಮಾತಾಡಿದವನು ಆ ತಟ್ಟೆಯಿಂದ ಎಲೆ ತೆಗೆದುಕೊಂಡರೆ ಯಜಮಾನರ ಮಾತಿಗೆ ಒಪ್ಪಿದ ಹಾಗೆ. ಒಪ್ಪದವನು ತಟ್ಟೆ ಮುಟ್ಟಬಾರದು. ಎಲ್ಲರಿಗೂ ಗೊತ್ತಿರುವ ಪದ್ಧತಿಯಾದ್ದರಿಂದ ಯಾರೂ ನನಗೆ ಹೇಳಿರಲಿಲ್ಲ. ತಪ್ಪಾಯಿತು, ಗೊತ್ತಿರಲಿಲ್ಲ ಎನ್ನಲು ಹೊರಟೆ. ಬಾಯಿ ತುಂಬ ರಸ. ನೂರು ದನಿ ತೆಗೆಯುವವನಿಂದ ಗುಳುಗುಳು ಸದ್ದು ಬಂತು. ಶಿವಸ್ವಾಮಿ ಹೆಂಡತಿಯ ಬ್ಯಾಗಿಗೆ ಕೈ ಹಾಕಿದ.

ಪ್ರಿಯಾಂಕ ಚಪ್ಪಲಿ ಕಾಲಲ್ಲೇ ಜಗಲಿ ಹತ್ತಿದಳು. ನನ್ನ ಕಡೆ ಬೆರಳು ತೋರಿಸಿದಳು.

“ಎಲೆ ತಿಂದೋರು ಅವ್ರು. ಉಡಿಗಾಲ್ಕೆ ಅವ್ರೇ ಓಗ್ಲಿ.”

ಲಿಂಗಯ್ಯನವರು ತಟ್ಟೆಯಲ್ಲಿ ಉಳಿದ ಎಲೆಗಳನ್ನು ಒಮ್ಮೆ, ನನ್ನ ಉಬ್ಬಿದ ಕೆನ್ನೆಯನ್ನು ಒಮ್ಮೆ ನೋಡಿದರು. ಕೆಳಗಿನಿಂದ ಮುದುಕಿ ಚಿಕ್ಕನಿಂಗಮ್ಮನ ದನಿ ಬಂತು. “ಕರ್ಕಂಡೋಗಪ್ಪ ಶಿವಸ್ವಾಮಿ, ಅಳದೂ ಚೆಂದಾಗ್ ಬತ್ತದೆ ಅವ್ರಿಗೆ.”

ಈ ಸಲ ನಕ್ಕವರು ಹೆಂಗಸರು. ಶಿವಸ್ವಾಮಿಯ ಕೈ ಪ್ರಿಯಾಂಕಳತ್ತ ಮೇಲೆ ಹೋಯಿತು. ಮನೆಯಲ್ಲಿ ಹೋಗುವ ಹಾಗೆ, ಯೋಚನೆ ಇಲ್ಲದೆ, ಲೀಲಾಜಾಲವಾಗಿ. ಹನ್ನೆರಡು ಗಂಡಸರಿಗೂ ತಕ್ಷಣ ಚಾವಡಿಯ ಹೆಂಚು ಎಣಿಸುವ ಕೆಲಸ ಬಿತ್ತು. ಹದಿಮೂರನೆಯವನಾಗಿ ನಾನೂ ಎಣಿಸಿದೆ. ಆ ಕೈ ಕೆಳಗೆ ಬಂದದ್ದು ನಮ್ಮಿಂದಲ್ಲ. ಚಿಕ್ಕನಿಂಗಮ್ಮ ಮುಂದಾಗಿ ಏಳೆಂಟು ಹೆಂಗಸರು ಜಗಲಿ ಹತ್ತಿ ಅವನ ಸುತ್ತ ನಿಂತಿದ್ದರಿಂದ. ಸುಂದ್ರಮ್ಮ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡರು.

ತಾಯಿ ಮಗಳು ಗುಂಡ್ಲುಪೇಟೆಯ ಬಸ್ಸು ಹತ್ತಿದರು. ಕರೆಯದಿದ್ದರೂ ನಾನೂ ಹತ್ತಿದೆ. ಹೆಂಗಸರ ದೂರು ಬರೆದುಕೊಳ್ಳಲು ಹೊಸ ಕಾನೂನಿನಲ್ಲಿ ಒಬ್ಬ ಅಧಿಕಾರಿ ಇರುತ್ತಾರೆಂದು ಶಿಬಿರದಲ್ಲಿ ನಾವೇ ಪಾಠ ಮಾಡಿದ್ದೆವು. ಆ ಕಚೇರಿ ತೋರಿಸುವುದಾದರೂ ನನ್ನಿಂದ ಆಗುತ್ತಿತ್ತು. ಅಧಿಕಾರಿಯೂ ಹೆಂಗಸೇ. ಪೆನ್ನು ತೆರೆದು, ಮೂವರನ್ನೂ ನೋಡಿ, ಏನು ನಡೆಯಿತು ಹೇಳಿ ಎಂದು ನನ್ನನ್ನು ಕೇಳಿದರು.

“ಅವ್ರು ಏನೂ ನೋಡಿಲ್ಲ ಮೇಡಂ,” ಎಂದು ಪ್ರಿಯಾಂಕ ಕುರ್ಚಿ ಎಳೆದುಕೊಂಡಳು. “ನಾನ್ ಹೇಳ್ತೀನಿ. ಅಮಾಸೆ ಹಿಂದಿನ್ ದಿನ, ಮುದ್ದೆ ತಿರುವ್ತಿದ್ದೆ. ಕೈಲಿದ್ದ ಕೋಲು ಕಿತ್ಕಂಡ.”

ಅಧಿಕಾರಿ ಅಷ್ಟನ್ನೂ ಬರೆದುಕೊಂಡು, ಇದಕ್ಕೆ ಮುಂಚೆ ಯಾವಾಗಲಾದರೂ ಹೊಡೆದಿದ್ದನೇ ಎಂದು ಕೇಳಿದರು.

“ಇನ್ನೊಂದ್ ನಾಕ್ ಪೇಪರ್ ತಕ್ಕಳಿ ಮೇಡಂ,” ಎಂದಳು.